ಏನೋ ಸುಟ್ಟ ವಾಸನೆ

ಮನುಷ್ಯನಿಗೆ ಮೂಗನ್ನು ಕೊಡುವಾಗ ಭಗವಂತನು ಮೋಟಾರು ಕಾರನ್ನು ಮನಸ್ಸಿನಲ್ಲಿಟ್ಟುಕೊಂಡಿರಲಾರನು. ಮಲ್ಲಿಗೆಯ ದಂಡೆ, ಮೊದಲ ಮಳೆಗೆ ನೆನೆದ ಮಣ್ಣು, ನೆರೆಮನೆಯ ಒಲೆಯ ಮೇಲೆ ಕುದಿಯುವ ಸಾರು—ಇವುಗಳ ಸುಖಕ್ಕಾಗಿಯೇ ಮೂಗು ಸೃಷ್ಟಿಯಾಯಿತೆಂದು ನಾನು ಬಹುಕಾಲ ನಂಬಿದ್ದೆ. ಸ್ವಂತದ್ದೊಂದು ಕಾರು ಮನೆಯ ಮುಂದೆ ಬಂದು ನಿಂತ ಮೇಲೆ ಈ ನಂಬಿಕೆ ಸಡಿಲವಾಯಿತು. ಕಾರಿನ ಯಜಮಾನನ ಮೂಗಿಗೆ ರಜೆಯೆಂಬುದೇ ಇಲ್ಲ. ಊರ ತಳವಾರನಂತೆ ಅದು ಸದಾ ಎಚ್ಚರವಾಗಿರಬೇಕು.

ಆದರೂ ಒಂದು ಸೋಜಿಗವನ್ನು ನೋಡಿ. "ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲ?" ಎಂಬ ಮಾತು ಮನೆಯಲ್ಲಿ ಕೇಳಿಸಿದರೆ ನಾವು ಎದ್ದು ಅಡಿಗೆಮನೆಗೆ ಓಡುತ್ತೇವೆ, ಪಾತ್ರೆಯನ್ನು ಇಳಿಸಿದ ಮೇಲೆ ಯಾರ ತಪ್ಪೆಂದು ಜಗಳವಾಡುತ್ತೇವೆ. ಅದೇ ಮಾತು ಓಡುವ ಕಾರಿನಲ್ಲಿ ಕೇಳಿಸಿದರೆ ಮಾತ್ರ, "ಹೊರಗಿನಿಂದ ಬರುತ್ತಿರಬೇಕು" ಎಂದು ಹೇಳಿ ಮುಂದೆ ಹೋಗುತ್ತೇವೆ. ಏಕೆ ಹೀಗೆ? ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು 1986ರ ಡಿಸೆಂಬರ್ ತಿಂಗಳಲ್ಲಿ, ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ. ಉತ್ತರ ಕಲಿಸಿದ ಪಾಠದ ಬೆಲೆ ಬಹಳ ಹೆಚ್ಚಾಗಬಹುದಾಗಿತ್ತು. ದೇವರ ದಯೆಯಿಂದಲೂ ಒಬ್ಬ ಅಪರಿಚಿತ ಮುದುಕನ ಕುಡುಗೋಲಿನಿಂದಲೂ ಅಗ್ಗವಾಗಿ ಮುಗಿಯಿತು.

ಆಗ ನಮ್ಮಲ್ಲಿದ್ದದ್ದು 1978ರ ಪ್ರೀಮಿಯರ್ ಪದ್ಮಿನಿ. ಹೆಸರು ಪದ್ಮಿನಿಯಾದರೂ ಜನ ಅದನ್ನು ಫಿಯೆಟ್ ಎಂದೇ ಕರೆಯುತ್ತಿದ್ದರು. ಬೇರೊಬ್ಬರು ಏಳು ವರ್ಷ ದುಡಿಸಿದ ಮೇಲೆ ಅದು ನನ್ನ ಕೈಗೆ ಬಂದಿತ್ತು. ಸ್ಟಿಯರಿಂಗಿನ ಪಕ್ಕದಲ್ಲಿ ಗೇರು. ಮುಂದೆ ಬೆಂಚಿನಂಥ ಒಂದೇ ಸೀಟು. ಎಂಜಿನ್ನು ಮುಂದಿದ್ದರೂ ತಿರುಗುವ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಆ ಶಕ್ತಿಯನ್ನು ಒಯ್ಯುವ ಉದ್ದನೆಯ ಉಕ್ಕಿನ ದಂಡವೊಂದು ಕಾರಿನ ಹೊಟ್ಟೆಯ ಕೆಳಗೆ ಸದಾ ಗಿರಗಿರನೆ ತಿರುಗುತ್ತಿರುತ್ತದೆ. ಅದಕ್ಕೆ ಎಡೆ ಮಾಡಿಕೊಡಲೆಂದೇ ಹಿಂದಿನ ಸೀಟಿನವರ ಕಾಲ ಬಳಿ, ನಡುಮಧ್ಯದಲ್ಲಿ, ನೆಲ ದಿಣ್ಣೆಯಂತೆ ಉಬ್ಬಿರುತ್ತದೆ. ಈ ದಿಣ್ಣೆಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಪ್ರಯಾಣ ಹೊರಟದ್ದು ಅಮ್ಮನಿಗಾಗಿ. ಆಕೆಗೆ ಆಗ ಅರವತ್ತೆಂಟು ವರ್ಷ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪ ರೈಲ್ವೆಯಲ್ಲಿ ಸಹಾಯಕ ಸ್ಟೇಷನ್ ಮಾಸ್ತರರಾಗಿದ್ದವರು. ನಾನು ಹುಟ್ಟುವುದಕ್ಕೆ ಮುಂಚೆ ಅರಸೀಕೆರೆ ಜಂಕ್ಷನ್ನಿನಲ್ಲಿ ಐದು ವರ್ಷ ಇದ್ದರು. "ಇಷ್ಟು ಹತ್ತಿರ ಇದ್ದೇವೆ, ಬೇಲೂರಿನ ಚೆನ್ನಕೇಶವನ ದರ್ಶನ ಮಾಡಿಸುತ್ತೇನೆ" ಎಂದು ಅಮ್ಮನಿಗೆ ಅವರು ಪ್ರತಿ ವರ್ಷವೂ ಹೇಳುತ್ತಿದ್ದರಂತೆ. ರಜೆ ಸಿಗಲಿಲ್ಲ, ರಜೆ ಸಿಕ್ಕಾಗ ವರ್ಗವಾಯಿತು. ಆಮೇಲೆ ಮಕ್ಕಳು, ಶಾಲೆ, ಮದುವೆಗಳು. ಅಪ್ಪ ತೀರಿಸದೆ ಹೋದ ಮಾತನ್ನು ನಾನು ತೀರಿಸಬೇಕೆಂದು ಹೊರಟೆ. ಅದರಲ್ಲಿ ಪಿತೃಭಕ್ತಿ ಎಷ್ಟು, ಕಾರನ್ನು ತೋರಿಸಿಕೊಳ್ಳುವ ಆಸೆ ಎಷ್ಟು ಎಂಬುದನ್ನು ಈಗ ತೂಗಿ ನೋಡುವುದು ಬೇಡ.

ಅಪ್ಪನ ಕೆಲಸದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಿಲ್ದಾಣದಲ್ಲಿ ನಿಲ್ಲದೆ ಹೋಗುವ ಗಾಡಿಯನ್ನು ಕರ್ತವ್ಯದಲ್ಲಿರುವ ಅಧಿಕಾರಿ ಎದುರು ನಿಂತು ಕೊನೆಯ ಡಬ್ಬಿಯವರೆಗೂ ನೋಡಬೇಕು. ಏನಾದರೂ ಜೋತಾಡುತ್ತಿದೆಯೆ, ಹೊಗೆ ಬರುತ್ತಿದೆಯೆ ಎಂಬುದು ಆ ನೋಟದ ಉದ್ದೇಶ. ಹಳೆಯ ಗೂಡ್ಸ್ ಡಬ್ಬಿಗಳಲ್ಲಿ ಅಚ್ಚಿನ ತುದಿಯ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ತೋಯ್ದ ನೂಲಿನ ಚಿಂದಿಯನ್ನು ತುಂಬಿರುತ್ತಿದ್ದರು. ಎಣ್ಣೆ ಆರಿದರೆ ಅಚ್ಚು ಕಾಯುತ್ತದೆ, ಚಿಂದಿ ಹೊಗೆಯಾಡುತ್ತದೆ, ಹಾಗೆಯೇ ಬಿಟ್ಟರೆ ಅಚ್ಚು ಮುರಿದು ಗಾಡಿ ಹಳಿ ತಪ್ಪುತ್ತದೆ. ಇದಕ್ಕೆ ರೈಲ್ವೆಯವರು 'ಹಾಟ್ ಆಕ್ಸಲ್' ಎನ್ನುತ್ತಾರೆ. ಕಣ್ಣಿಗೆ ಕಾಣುವುದಕ್ಕೆ ಮುಂಚೆ ಅದು ಮೂಗಿಗೆ ತಿಳಿಯುತ್ತದೆ ಎಂಬುದು ಅಪ್ಪನ ಅನುಭವ. ಒಂದು ರಾತ್ರಿ ಅವರು ಇಂಥ ವಾಸನೆ ಬಂತೆಂದು ಕೆಂಪು ದೀಪ ತೋರಿಸಿ ಗೂಡ್ಸ್ ಗಾಡಿಯೊಂದನ್ನು ನಿಲ್ಲಿಸಿದರು. ಒಂದೊಂದು ಡಬ್ಬಿಯನ್ನೂ ಮುಟ್ಟಿ ನೋಡಿದ್ದಾಯಿತು, ಏನೂ ಸಿಗಲಿಲ್ಲ. ಯಾರ್ಡಿನ ಬೇಲಿಯಾಚೆ ಯಾರೋ ತರಗೆಲೆಗೆ ಬೆಂಕಿಯಿಟ್ಟಿದ್ದರು! ಇಪ್ಪತ್ತು ನಿಮಿಷ ತಡವಾದುದಕ್ಕೆ ಮೇಲಿನವರು ವಿವರಣೆ ಕೇಳಿದರು. ಅಪ್ಪ ಒಂದು ಪುಟ ಬರೆದುಕೊಟ್ಟು ಮನೆಗೆ ಬಂದು, "ನಿಲ್ಲಿಸಿದ ಗಾಡಿಗೆ ವಿವರಣೆ ಬರೆಯಬಹುದು, ನಿಲ್ಲಿಸದೆ ಬಿಟ್ಟ ಗಾಡಿಗೆ ಏನು ಬರೆಯಲಿ?" ಎಂದರಂತೆ. ಅಮ್ಮ ಈ ಕಥೆಯನ್ನು ನಮಗೆ ಅದೆಷ್ಟು ಬಾರಿ ಹೇಳಿದ್ದಳೋ! ನನಗೆ ಅದು ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ಬುದ್ಧಿಗೆ ಇಳಿದಿರುತ್ತದೆಂದು ಹೇಳಲಾಗದು.

ಬೆಳಗಿನ ಜಾವ ಐದಕ್ಕೆ ಬೆಂಗಳೂರು ಬಿಟ್ಟೆವು. ಮುಂದಿನ ಸೀಟಿನಲ್ಲಿ ನಾನು, ನನ್ನ ಭಾವಮೈದುನ, ನಡುವೆ ಹತ್ತು ವರ್ಷದ ಮಗ. ಹಿಂದೆ ಅಮ್ಮ, ನನ್ನಾಕೆ, ಅವರಿಬ್ಬರ ನಡುವೆ ದಿಣ್ಣೆಯ ಮೇಲೆ ಕಾಲಿಟ್ಟುಕೊಂಡು ಆರು ವರ್ಷದ ಪುಟ್ಟಿ. ನನ್ನ ಭಾವಮೈದುನ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ಬದುಕುವವನು. ಆದರೆ ಯಂತ್ರಗಳ ವಿಷಯದಲ್ಲಿ ಅವನಿಗೆ ತಿಳಿಯದ್ದು ಯಾವುದೂ ಇಲ್ಲವೆಂದು ಅವನೂ ಅವನ ಅಕ್ಕನೂ ನಂಬಿದ್ದರು. ತುಮಕೂರು, ಗುಬ್ಬಿ ದಾಟಿ ತಿಪಟೂರಿನಲ್ಲಿ ಎಳನೀರು ಕುಡಿದೆವು. ಅಲ್ಲಿ ರಸ್ತೆ ಸ್ವಲ್ಪ ಇಳಿಜಾರಾಗಿದ್ದುದರಿಂದ ನಾನು ಕೈಬ್ರೇಕನ್ನು ಬಲವಾಗಿ ಎಳೆದು ನಿಲ್ಲಿಸಿದ್ದೆ. ಹೊರಡುವಾಗ ಬಿಟ್ಟೆ. ನಾನು ಬಿಟ್ಟೆನೇ ಹೊರತು ಅದು ಬಿಟ್ಟಿರಲಿಲ್ಲವೆಂಬುದು ಆಮೇಲೆ ತಿಳಿದ ಮಾತು.

ಅರಸೀಕೆರೆ ಸಮೀಪಿಸುತ್ತಿದ್ದಂತೆ ಹಿಂದಿನಿಂದ ಅಮ್ಮ ಅಂದಳು: "ಏನೋ ಸುಟ್ಟ ವಾಸನೆ ಕಣೋ. ಹಾಟ್ ಆಕ್ಸಲ್ ಆದಾಗ ಬರುತ್ತಿತ್ತಲ್ಲ, ಹಾಗೆ."

ನಾವು ಮೂವರು ಗಂಡಸರೂ—ಹತ್ತು ವರ್ಷದವನನ್ನೂ ಸೇರಿಸಿ—ನಕ್ಕೆವು. ಭಾವಮೈದುನ ಕಾರಿನ ವಾಸನೆಗಳ ಮೇಲೆ ಉಪನ್ಯಾಸ ಆರಂಭಿಸಿದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಂದಿಗೂ ಉಪಯೋಗಕ್ಕೆ ಬರುವ ಮಾತುಗಳಾದ್ದರಿಂದ ಇಲ್ಲಿ ಬರೆಯುತ್ತೇನೆ. ಹಳೆಯ ಕಾಗದದ ಕಟ್ಟು ಹೊಗೆಯಾಡಿದಂಥ ಕಮಟು ವಾಸನೆ ಬಂದರೆ ಅದು ಕ್ಲಚ್ಚಿನದು. ಕ್ಲಚ್ ಪೆಡಲಿನ ಮೇಲೆ ಕಾಲನ್ನು ಸದಾ ಊರಿಕೊಂಡು ಓಡಿಸುವವರ ಕಾರಿನಲ್ಲಿ ಇದು ಹೆಚ್ಚು. ಕರಿದ ಎಣ್ಣೆ ಬಾಣಲೆಯಲ್ಲಿ ಸೀದಂತಿದ್ದರೆ ಎಂಜಿನ್ ಎಣ್ಣೆ ಸೋರಿ ಕಾದ ಹೊಗೆಕೊಳವೆಯ ಮೇಲೆ ತೊಟ್ಟಿಕ್ಕುತ್ತಿದೆಯೆಂದು ಅರ್ಥ. ರಬ್ಬರು ಸುಟ್ಟ ವಾಸನೆಯೊಡನೆ ಕಿರ್ರೆಂಬ ಸದ್ದೂ ಬಂದರೆ ಫ್ಯಾನ್ ಬೆಲ್ಟು ಜಾರುತ್ತಿದೆ. ಮೂಗು ಕಣ್ಣು ಉರಿಸುವ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ತಂತಿಯ ಹೊದಿಕೆ ಸುಡುತ್ತಿದೆ. ಆಗ ಬ್ಯಾಟರಿಯ ತಂತಿಯನ್ನು ಕಳಚುವವರೆಗೂ ನೆಮ್ಮದಿಯಿಲ್ಲ. ಇಂದಿನ ಕಾರುಗಳಲ್ಲಿ ರೇಡಿಯೇಟರಿಗೆ ಹಾಕುವ ದ್ರವ ಸೋರಿದರೆ ಪಾಕ ಕಾಸಿದಂಥ ಸಿಹಿ ವಾಸನೆ ಬರುತ್ತದೆ. ಇನ್ನು ಬ್ರೇಕಿನ ವಾಸನೆ: ಕಾದ ಕಬ್ಬಿಣದ ಜೊತೆಗೆ ಏನೋ ಕಟುವಾದದ್ದು ಬೆರೆತಂತೆ, ಗಂಟಲಲ್ಲಿ ನಿಲ್ಲುವ ಘಾಟು.

"ಇದು ಕ್ಲಚ್ಚು. ಭಾವ ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವುದೇ ಇಲ್ಲ" ಎಂದು ಅವನು ತೀರ್ಪು ಕೊಟ್ಟ. ನನಗೆ ಅವಮಾನವಾಯಿತು. ಹಾಗಲ್ಲವೆಂದು ಸಾಧಿಸುವ ಸಲುವಾಗಿಯೇ ಅರಸೀಕೆರೆಯಲ್ಲಿ ಕಂಡ ಮೊದಲನೆಯ ಗ್ಯಾರೇಜಿನ ಮುಂದೆ ಕಾರನ್ನು ನಿಲ್ಲಿಸಿದೆ.

ಅಲ್ಲಿದ್ದ ಮೇಸ್ತ್ರಿ ಮಿತಭಾಷಿ. ನಮ್ಮ ವಾದಗಳನ್ನೆಲ್ಲ ಕೇಳಿಸಿಕೊಂಡು, ಬಾನೆಟ್ಟನ್ನು ತೆರೆಯದೆ, ಒಂದು ಚೊಂಬು ನೀರು ತಂದು ನಾಲ್ಕು ಚಕ್ರಗಳ ನಡುಭಾಗಕ್ಕೂ ಚಿಮುಕಿಸಿದ. ಮೂರು ಚಕ್ರಗಳಲ್ಲಿ ನೀರು ಸುಮ್ಮನೆ ಇಳಿಯಿತು. ಹಿಂದಿನ ಎಡಚಕ್ರದಲ್ಲಿ ಚುರ್ರೆಂದು ಆವಿಯಾಯಿತು. ಜಾಕಿ ಕೊಟ್ಟು ಎತ್ತಿ ಕೈಯಿಂದ ತಿರುಗಿಸಿದರೆ ಆ ಚಕ್ರ ಅರ್ಧ ಸುತ್ತಿಗೇ ನಿಂತಿತು. ಕೈಬ್ರೇಕಿನ ಕೇಬಲ್ಲು ತನ್ನ ಕವಚದೊಳಗೆ ತುಕ್ಕುಹಿಡಿದು ಸಿಕ್ಕಿಕೊಂಡಿತ್ತು. ನಾನು ಹಿಡಿಯನ್ನು ಬಿಟ್ಟರೂ ಒಳಗೆ ಬ್ರೇಕಿನ ಪಟ್ಟಿಗಳು ಡ್ರಮ್ಮನ್ನು ಅಪ್ಪಿಕೊಂಡೇ ತಿಪಟೂರಿನಿಂದ ಬಂದಿದ್ದವು. ಅವನು ಕೇಬಲ್ಲಿಗೆ ಎಣ್ಣೆಯುಣಿಸಿ, ಎಳೆದು ಬಿಟ್ಟು ಸಡಿಲಿಸಿ, ಚಕ್ರ ನಿರಾಳವಾಗಿ ತಿರುಗುವುದನ್ನು ತೋರಿಸಿದ. "ಕೈಬ್ರೇಕ್ ಇವತ್ತು ಹಾಕಬೇಡಿ ಸ್ವಾಮಿ, ಗೇರಿನಲ್ಲೇ ನಿಲ್ಲಿಸಿ. ಪಟ್ಟಿ ಸೀದಿದೆ, ಇನ್ನೂ ಹತ್ತು ಹದಿನೈದು ಕಿಲೋಮೀಟರ್ ವಾಸನೆ ಇದ್ದೇ ಇರುತ್ತದೆ, ಗಾಬರಿಯಾಗಬೇಡಿ" ಎಂದ.

ಅಮ್ಮ ಏನೂ ಹೇಳಲಿಲ್ಲ. ಆಕೆಯ 'ಹಾಟ್ ಆಕ್ಸಲ್' ಎಲ್ಲರಿಗಿಂತ ಹತ್ತಿರದ ಮಾತಾಗಿತ್ತೆಂಬುದನ್ನು ನಾವೂ ಹೇಳಲಿಲ್ಲ.

ಕೆಲಸ ನಡೆಯುತ್ತಿದ್ದಾಗ ಅಮ್ಮನನ್ನು ಊರಿನ ಈಶ್ವರ ದೇವಾಲಯಕ್ಕೆ ಕರೆದುಕೊಂಡು ಹೋಗಿದ್ದೆ. 1220ರ ಸುಮಾರಿಗೆ ಕಟ್ಟಿದ ಹೊಯ್ಸಳರ ಗುಡಿ. ನಕ್ಷತ್ರದ ಆಕಾರದ ತೆರೆದ ಮಂಟಪ. ಬೇಲೂರು ಹಳೇಬೀಡಿಗೆ ಓಡುವ ಯಾತ್ರಿಕರು ಇದರ ಕಡೆ ತಿರುಗುವುದು ಕಡಿಮೆ. ಅಮ್ಮ ಮಂಟಪದ ಕಲ್ಲಿನ ಬೆಂಚಿನ ಮೇಲೆ ಕುಳಿತು, "ಅವರ ರಾತ್ರಿ ಪಾಳಿ ಮುಗಿದ ಮೇಲೆ ಇಲ್ಲಿಗೆ ಬಂದು ಕೂರುತ್ತಿದ್ದೆವು" ಎಂದಳು. ದೂರದಲ್ಲಿ ಎಂಜಿನ್ನೊಂದು ಕೂಗಿತು. ಆಕೆ ತಲೆಯೆತ್ತಿ ಕೇಳಿಸಿಕೊಂಡು ಮತ್ತೆ ಸುಮ್ಮನಾದಳು.

ಅರಸೀಕೆರೆ ಬಿಟ್ಟಾಗ ಹನ್ನೊಂದು ಗಂಟೆ. ಬಾಣಾವರಕ್ಕೆ ಬಂದು ಎಡಕ್ಕೆ ತಿರುಗಿ ಜಾವಗಲ್ಲಿನ ದಾರಿ ಹಿಡಿದೆವು. ಸುಗ್ಗಿಯ ಕಾಲ. ತೆಂಗಿನ ತೋಟಗಳು ಹಿಂದುಳಿದು ಹೊಲಗಳು ತೆರೆದುಕೊಂಡವು. ರಾಗಿ ಕೊಯ್ಲಾಗಿತ್ತು, ಹುರುಳಿ ಕಿತ್ತು ಒಣಗಿಸಿದ್ದರು. ಅಲ್ಲಲ್ಲಿ ರಸ್ತೆಯ ಉದ್ದಕ್ಕೂ ರೈತರು ಬೆಳೆಯನ್ನು ಮೊಣಕಾಲೆತ್ತರ ಹರಡಿದ್ದರು. ಬಸ್ಸು ಲಾರಿಗಳು ಅದರ ಮೇಲೆ ಹಾಯುತ್ತಿದ್ದರೆ ಕಾಳು ಉದುರುತ್ತದೆ. ಎತ್ತು ಕಟ್ಟುವ, ರೋಣಗಲ್ಲು ಎಳೆಸುವ ಶ್ರಮ ಉಳಿಯುತ್ತದೆ. ಡಾಂಬರು ರಸ್ತೆಯೇ ಕಣ, ಸರ್ಕಾರದ ಬಸ್ಸೇ ಎತ್ತು! ಪುಟ್ಟಿಗೆ ಇದು ಮಹಾ ವಿನೋದವಾಗಿ ಕಂಡಿತು. ಒಂದೊಂದು ರಾಶಿಯ ಮೇಲೂ ಕಾರು ಮೆತ್ತಗೆ ಏರಿ ಸರಸರನೆ ಸದ್ದು ಮಾಡುತ್ತ ಹಾಯುವಾಗ ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಬಸ್ಸು ಎತ್ತರ, ನಮ್ಮ ಕಾರು ಗಿಡ್ಡ ಎಂಬ ಅಲ್ಪ ವ್ಯತ್ಯಾಸವನ್ನು ನಾವು ಯಾರೂ ಗಮನಿಸಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅಮ್ಮ, "ಮತ್ತೆ ವಾಸನೆ ಬರುತ್ತಿದೆ" ಎಂದಳು.

"ಮೇಸ್ತ್ರಿ ಹೇಳಲಿಲ್ಲವೆ, ಹದಿನೈದು ಕಿಲೋಮೀಟರ್ ಇರುತ್ತದೆಂದು?" ಎಂದೆ.

"ಅದು ಬೇರೆ, ಇದು ಬೇರೆ. ಅದು ಕಬ್ಬಿಣ ಕಾದ ವಾಸನೆ. ಇದು ಸೊಪ್ಪು ಸುಟ್ಟ ಹಾಗಿದೆ."

"ಹೊಲದಲ್ಲಿ ಕಸ ಸುಡುತ್ತಿರಬೇಕು ಅತ್ತೆ" ಎಂದ ಭಾವಮೈದುನ. ನಿಜವಾಗಿಯೂ ಎಡಗಡೆ ದೂರದಲ್ಲಿ ಹೊಗೆ ಏಳುತ್ತಿತ್ತು. ಅದನ್ನು ಬೆರಳು ಮಾಡಿ ತೋರಿಸಿದ. ನನಗೆ ಸಮಾಧಾನವಾಯಿತು. ಒಂದು ವಾಸನೆಗೆ ಈಗ ಎರಡು ಕಾರಣಗಳು ಸಿದ್ಧವಾಗಿದ್ದವು, ಎರಡೂ ನಂಬಲರ್ಹವಾಗಿದ್ದವು, ಎರಡಕ್ಕೂ ಕಾರನ್ನು ನಿಲ್ಲಿಸುವ ಅಗತ್ಯವಿರಲಿಲ್ಲ. ಹಳೇಬೀಡನ್ನು ಹನ್ನೆರಡೂವರೆಯೊಳಗೆ ಮುಟ್ಟಿ, ಊಟ ಮುಗಿಸಿ, ಸಂಜೆಗೆ ಬೇಲೂರು ಸೇರಬೇಕೆಂಬ ನನ್ನ ಲೆಕ್ಕಾಚಾರ ಆಗಲೇ ಒಂದು ಗಂಟೆ ಹಿಂದೆ ಬಿದ್ದಿತ್ತು. ಮನೆಯ ಒಲೆಗೆ ಇಲ್ಲದ ಒಂದು ದೋಷ ಕಾರಿಗಿದೆ: ಒಲೆ ಎಲ್ಲಿಗೂ ಹೋಗಬೇಕಾಗಿಲ್ಲ, ಕಾರು ಎಲ್ಲಿಗೋ ಹೋಗಬೇಕಾಗಿರುತ್ತದೆ.

ಜಾವಗಲ್ ದಾಟಿ ನಾಲ್ಕೈದು ಕಿಲೋಮೀಟರ್ ಹೋಗಿರಬಹುದು. ಪುಟ್ಟಿ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು, "ಅಪ್ಪಾ, ದಿಣ್ಣೆ ಬಿಸಿ" ಎಂದಳು.

ನಾನು ಉತ್ತರ ಕೊಡುವುದಕ್ಕೆ ಮುಂಚೆ ಅಮ್ಮ ಬಗ್ಗಿ ಅಂಗೈಯಿಂದ ದಿಣ್ಣೆಯನ್ನು ಮುಟ್ಟಿದಳು. ಆಮೇಲೆ ಆಕೆ ಆಡಿದ ಮಾತು ಒಂದೇ. ಅದನ್ನು ಕೂಗಿ ಹೇಳಲಿಲ್ಲ. ಆದರೆ ನನ್ನ ಜನ್ಮದಲ್ಲಿ ಆಕೆಯಿಂದ ಅಂಥ ಧ್ವನಿಯನ್ನು ನಾನು ಕೇಳಿರಲಿಲ್ಲ.

"ನಿಲ್ಲಿಸು."

ನನ್ನ ಕಾಲು ತಾನಾಗಿ ಬ್ರೇಕನ್ನು ತುಳಿಯಿತು. ಕಾರು ನಿಂತದ್ದು ಎಲ್ಲಿ ಅನ್ನುತ್ತೀರಿ? ಹುರುಳಿಯ ಇನ್ನೊಂದು ಹಾಸಿನ ನಟ್ಟನಡುವೆ. ನಿಂತ ಕೂಡಲೇ ಎರಡು ಪಕ್ಕದಿಂದಲೂ ಹೊಗೆ ಮೇಲೆದ್ದಿತು. ಓಡುವಾಗ ಅದೆಲ್ಲವೂ ಹಿಂದಕ್ಕೆ ಹೋಗುತ್ತಿದ್ದುದರಿಂದ ನಮಗೆ ಕಂಡಿರಲಿಲ್ಲ. ರಸ್ತೆಯ ಅಂಚಿನಲ್ಲಿ ಕವೆಗೋಲು ಹಿಡಿದು ನಿಂತಿದ್ದ ಮುದುಕನೊಬ್ಬ ಕೈಬೀಸುತ್ತ ಓಡಿಬಂದ.

"ಸೊಪ್ಪಿನ್ ಮೇಲೆ ನಿಲ್ಲಿಸ್ಬ್ಯಾಡಿ ಸಾಮಿ! ಹತ್ಕೊಂಡ್ರೆ ಎಲ್ಲಾ ಹೋಯ್ತದೆ! ಮುಂದಕ್ ತಳ್ಳಿ!"

ಎಂಜಿನ್ ಆರಿಸಿದೆ. ನನ್ನಾಕೆ ಪುಟ್ಟಿಯನ್ನು ಎತ್ತಿಕೊಂಡು ಅಮ್ಮನ ಕೈಹಿಡಿದು ಇಳಿದು ದೂರ ಹೋದಳು. ನಾನು, ಭಾವಮೈದುನ, ಮುದುಕ, ಅವನ ಮಗನೋ ಅಳಿಯನೋ ಆದ ಒಬ್ಬ ತರುಣ—ನಾಲ್ವರೂ ಸೇರಿ ಕಾರನ್ನು ಬರಿಯ ಡಾಂಬರಿನ ಮೇಲಕ್ಕೆ ತಳ್ಳಿದೆವು. ಹದಿನೈದು ಗಜವಿದ್ದೀತು. ಅಷ್ಟು ಉದ್ದದ ದಾರಿಯನ್ನು ನಾನು ಮತ್ತೆಂದೂ ನಡೆದಿಲ್ಲ. ಹಿಂದಿನ ಟ್ಯಾಂಕಿನಲ್ಲಿ ಅರಸೀಕೆರೆಯಲ್ಲಿ ತುಂಬಿಸಿದ ಪೆಟ್ರೋಲು ಇತ್ತು. ತಳ್ಳುತ್ತಿದ್ದಾಗಲೇ ಕಾರಿನ ಕೆಳಗೆ ಕೆಂಪಗೆ ಒಂದು ನಾಲಿಗೆ ಕಾಣಿಸಿತು.

ಕಾರು ನಿಂತಿತೋ ಇಲ್ಲವೋ, ಹೆಂಗಸೊಬ್ಬಳು ಮೊರದ ತುಂಬ ಮಣ್ಣು ಬಾಚಿ ತಂದು ಕೆಳಗೆ ಎರಚಿದಳು. ಇನ್ನೊಬ್ಬಳು ಕುಡಿಯಲು ತಂದಿದ್ದ ಬಿಂದಿಗೆಯ ನೀರಿನಲ್ಲಿ ಗೋಣಿತಾಟನ್ನು ಅದ್ದಿ ಕೊಟ್ಟಳು. ತರುಣ ಅದನ್ನು ಕವೆಗೋಲಿನ ತುದಿಗೆ ಸಿಕ್ಕಿಸಿ ಒಳಗೆ ತೂರಿ ಅದುಮಿದ. ನಾಲಿಗೆ ಅಡಗಿತು. ಮುದುಕ ನೆಲದ ಮೇಲೆ ಅಂಗಾತ ಮಲಗಿ, ಕುಡುಗೋಲು ಹಿಡಿದು ಕಾರಿನ ಕೆಳಕ್ಕೆ ಜಾರಿದ. ನಾನು "ಬೇಡ" ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಒಳಗಿನಿಂದ ಕೊಯ್ಯುವ ಸದ್ದು ಬಂತು. ಹಿಡಿಹಿಡಿಯಾಗಿ ಕರಿಕಾದ, ಹೊಗೆಯಾಡುವ ಸೊಪ್ಪು ಹೊರಗೆ ಬಂತು. ಎಷ್ಟೆಂದರೆ ಒಂದು ಸಣ್ಣ ಹೊರೆ.

ಆಮೇಲೆ ನಾನೂ ಬಗ್ಗಿ ನೋಡಿದೆ. ಹುರುಳಿಯ ಬಳ್ಳಿ ಬಹಳ ನಾರುಳ್ಳದ್ದು; ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಕಾರಿನ ಹೊಟ್ಟೆ ತಗುಲುವಷ್ಟು ಎತ್ತರಕ್ಕೆ ಹಾಸಿದಾಗ ಅದರ ತುದಿ ತಿರುಗುವ ದಂಡಕ್ಕೆ ಸಿಕ್ಕಿಕೊಳ್ಳುತ್ತದೆ; ಕದಿರಿಗೆ ನೂಲು ಸುತ್ತಿದಂತೆ ದಂಡವು ಅದನ್ನು ಸುತ್ತಿಕೊಳ್ಳುತ್ತದೆ. ಸುತ್ತಿದಷ್ಟೂ ಉಂಡೆ ದಪ್ಪವಾಗುತ್ತದೆ. ಪಕ್ಕದಲ್ಲಿಯೇ ಎಂಜಿನ್ನಿನಿಂದ ಬರುವ ಹೊಗೆಕೊಳವೆ. ಒಣಹುಲ್ಲು ಹೊತ್ತಿಕೊಳ್ಳಲು 300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬಿಸಿ ಸಾಕು. ದುಡಿಯುತ್ತಿರುವ ಹೊಗೆಕೊಳವೆಗೆ, ಅದರಲ್ಲೂ ಎಂಜಿನ್ನಿನ ಸಮೀಪದಲ್ಲಿ, ಅದೇನೂ ದೊಡ್ಡದಲ್ಲ. ಉಂಡೆ ಒಂದು ಕಡೆ ಉಜ್ಜುತ್ತ, ಇನ್ನೊಂದು ಕಡೆ ಕಾಯುತ್ತ, ಓಟದ ಗಾಳಿಯನ್ನೇ ಊದುಗೊಳವೆ ಮಾಡಿಕೊಂಡು ನಮ್ಮ ಜೊತೆ ಪ್ರಯಾಣ ಮಾಡಿತ್ತು. ಸೈಲೆನ್ಸರನ್ನು ತೂಗುಹಾಕಿದ್ದ ರಬ್ಬರು ಅರ್ಧ ಕರಗಿತ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಒಯ್ಯುವ ಕೊಳವೆ ಅಲ್ಲಿಂದ ಒಂದು ಗೇಣಿನಾಚೆ ಹಾದುಹೋಗಿತ್ತು. ಅದರ ಮೇಲೆಲ್ಲ ಮಸಿ.

ಭಯ ಇಳಿದ ಮೇಲೆ ಮನುಷ್ಯನಿಗೆ ಬರುವುದು ಕೃತಜ್ಞತೆಯೆಂದು ಪುಸ್ತಕಗಳು ಹೇಳುತ್ತವೆ. ನನಗೆ ಬಂದದ್ದು ಸಿಟ್ಟು. "ರಸ್ತೆ ಇರುವುದು ಗಾಡಿ ಓಡಾಡಲಿಕ್ಕೋ, ನೀವು ಹುರುಳಿ ಬಡಿಯಲಿಕ್ಕೋ? ಮಕ್ಕಳು ಮುದುಕರು ಸುಟ್ಟುಹೋಗಿದ್ದರೆ ಯಾರು ಹೊಣೆ?" ಎಂದು ಕೂಗಾಡಿದೆ. ಮುದುಕ ಮುಖದ ಮಸಿ ಒರೆಸಿಕೊಳ್ಳುತ್ತ ತಲೆ ತಗ್ಗಿಸಿದ. ಮಣ್ಣು ಎರಚಿದ ಹೆಂಗಸು ಮಾತ್ರ ತಗ್ಗಲಿಲ್ಲ.

"ತಪ್ಪೇ ಸಾಮಿ. ಕಣ ಇದ್ರೆ ನಾವ್ಯಾಕೆ ರಸ್ತೆಗೆ ಬರ್ತಿದ್ವಿ? ಕಣದ ಜಾಗ ಪಾಲಾಗಿ ಮನೆ ಎದ್ದವೆ. ಎತ್ತು ಮಾರಿ ಎರಡು ವರ್ಸ ಆಯ್ತು. ನಿಮ್ ಗಾಡಿಗೆ ಸುತ್ಕೊಂಡಿದ್ದು ನಮ್ದೇ ಅನ್ನಂಗಿಲ್ಲ, ಅದು ಹಿಂದ್ಲೂರೋರ್ದು. ಆದ್ರೂ ಆರ್ಸೋದು ನಮ್ ಕೆಲ್ಸ ಅಲ್ವಾ?"

ನಾನು ಬಾಯಿ ಮುಚ್ಚಿದೆ. ರಸ್ತೆಯಲ್ಲಿ ಒಕ್ಕಣೆ ಮಾಡುವುದು ಸರಿಯೆಂದು ನಾನು ಇಂದೂ ಹೇಳುವುದಿಲ್ಲ. ಆದರೆ ಆಕೆಯ ಮಾತಿನಲ್ಲಿದ್ದ ಸತ್ಯವನ್ನು ಅಲ್ಲಿ ನಿಂತು ಅಲ್ಲಗಳೆಯುವುದು ಸಾಧ್ಯವಿರಲಿಲ್ಲ. ಹಿಂದಿನ ಊರಿನ ಹುರುಳಿಯನ್ನು ನಾಲ್ಕೈದು ಕಿಲೋಮೀಟರ್ ಹೊತ್ತುತಂದು ಅವರ ವರ್ಷದ ಬೆಳೆಯ ನಡುವೆ ಬೆಂಕಿಯೊಡನೆ ನಿಂತವನು ನಾನು. ಮೊದಲು ವಾಸನೆ ಬಂದಾಗ ನಿಲ್ಲಿಸಿದ್ದರೆ ಒಂದು ಹಿಡಿ ಬಿಸಿ ಸೊಪ್ಪನ್ನು ಕಿತ್ತೆಸೆದು ಹೋಗಬಹುದಾಗಿತ್ತು.

ಅಮ್ಮ ಅಷ್ಟು ಹೊತ್ತಿಗೆ ಆ ಹೆಂಗಸಿನ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತು, ಈ ಸಲ ಹುರುಳಿ ಎಷ್ಟು ಬಂತು, ಮಳೆ ಹೇಗಾಯಿತು ಎಂದು ವಿಚಾರಿಸುತ್ತಿದ್ದಳು. ನಮಗೆಲ್ಲ ಮಜ್ಜಿಗೆ ಬಂತು. ನಾನು ಮುದುಕನ ಕೈಗೆ ಹಣ ಕೊಡಹೋದೆ. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅಮ್ಮ, "ಎರಡು ಸೇರು ಹುರುಳಿ ಅಳೆದುಕೊಡಿ, ಬೆಲೆಗೆ" ಎಂದಳು. ಅದಕ್ಕೆ ಅವರು ಒಪ್ಪಿದರು. ಪೇಟೆಯ ಬೆಲೆಗಿಂತ ಒಂದು ಕಾಸೂ ಹೆಚ್ಚು ತೆಗೆದುಕೊಳ್ಳಲಿಲ್ಲ.

ಒಂದು ಗಂಟೆ ಕಾದು, ಕೆಳಗಿನ ಒಂದೊಂದು ಎಳೆಯನ್ನೂ ತೆಗೆದು, ಸೈಲೆನ್ಸರನ್ನು ತಂತಿಯಿಂದ ಬಿಗಿದು ಹೊರಟೆವು. ಮುಂದಿನ ಹಾಸುಗಳು ಬಂದಾಗ ನಾನು ನಿಲ್ಲಿಸುತ್ತಿದ್ದೆ; ಭಾವಮೈದುನ ಇಳಿದು ಕೋಲಿನಿಂದ ಸೊಪ್ಪನ್ನು ಬದಿಗೆ ಸರಿಸುತ್ತಿದ್ದ; ದಾಟಿದ ಮೇಲೆ ಬಗ್ಗಿ ಕೆಳಗೆ ನೋಡಿ "ಸರಿ" ಎನ್ನುತ್ತಿದ್ದ. ಉಪನ್ಯಾಸವಿರಲಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರವನ್ನು ನೋಡಿದ್ದು ಮೂರು ಗಂಟೆಯ ಬಿಸಿಲಿನಲ್ಲಿ. 1121ರ ಸುಮಾರಿಗೆ ಆರಂಭವಾದ ಗುಡಿ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ. 1311ರಲ್ಲಿ ಮಲಿಕ್ ಕಾಫರನ ದಂಡು ಈ ರಾಜಧಾನಿಯ ಮೇಲೆ ಬಿದ್ದಿತ್ತು. ಅಲ್ಲಿಂದ ಹದಿನಾರು ಕಿಲೋಮೀಟರ್ ಬೇಲೂರು. ದೀಪ ಹಚ್ಚುವ ಹೊತ್ತಿಗೆ ಮಹಾದ್ವಾರದ ಮುಂದೆ ನಿಂತೆವು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವ. ಈ ಮಹಾದ್ವಾರವನ್ನು ಒಮ್ಮೆ ಶತ್ರುಗಳು ಸುಟ್ಟಿದ್ದರೆಂದೂ, ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಗೋಪುರವನ್ನು ಮತ್ತೆ ಎತ್ತಿಸಿದನೆಂದೂ ಅಲ್ಲಿಯ ಶಾಸನ ಹೇಳುತ್ತದೆ. ಇದನ್ನು ಅಮ್ಮನಿಗೆ ಹೇಳಿದೆ. ಆಕೆ ಗೋಪುರವನ್ನು ತಲೆಯೆತ್ತಿ ನೋಡಿ, "ನಿಮ್ಮಪ್ಪ ಇದ್ದಿದ್ದರೆ ಜಾವಗಲ್ಲಿನ ಹತ್ತಿರವೇ ನಿಲ್ಲಿಸಿಬಿಡುತ್ತಿದ್ದರು" ಎಂದಳು. ಇಡೀ ದಿನದಲ್ಲಿ ಆಕೆ ನನಗೆ ಆಡಿದ ಬಿರುನುಡಿ ಇದೊಂದೇ. ಮಂಗಳಾರತಿಯ ತಟ್ಟೆಗೆ ಆಕೆ ಕೈಚಾಚಿದಾಗ ಸೆರಗಿನಿಂದ ಸುಟ್ಟ ಹುರುಳಿಯ ವಾಸನೆ ಬರುತ್ತಿತ್ತು.

ಬೆಂಗಳೂರಿಗೆ ಬಂದ ಮೇಲೆ ಆ ಎರಡು ಸೇರಿನಲ್ಲಿ ಹುರುಳಿಕಟ್ಟಿನ ಸಾರು ಹಲವು ಬಾರಿ ಆಯಿತು. ಮೊದಲ ದಿನ ಭಾವಮೈದುನನನ್ನೂ ಊಟಕ್ಕೆ ಕರೆದಿದ್ದೆವು. ಅವನು ಬಡಿಸಿದ್ದನ್ನೆಲ್ಲ ತಲೆಯೆತ್ತದೆ ಉಂಡ.

ನಾನು ಆ ದಿನವನ್ನು ಎಷ್ಟೋ ಸಾರಿ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಮೇಸ್ತ್ರಿಯ ಮಾತು ಸುಳ್ಳಾಗಿರಲಿಲ್ಲ. ಅವನು ಕಂಡ ದೋಷ ನಿಜವಾದದ್ದು, ಮಾಡಿದ ರಿಪೇರಿ ಸರಿಯಾದದ್ದು. ಹೊಲದ ಹೊಗೆಯೂ ಸುಳ್ಳಲ್ಲ. ಒಂದು ಕಾರಣ ಸಿಕ್ಕಿತೆಂದ ಮೇಲೆ ಇನ್ನೊಂದು ಇರಲಾರದೆಂದು ನಂಬಿದ್ದು ನನ್ನ ತಪ್ಪು. ಅಮ್ಮನಿಗೆ ಕಾರಿನ ವಿಷಯ ಏನೂ ತಿಳಿದಿರಲಿಲ್ಲ. ಆದ್ದರಿಂದಲೇ ಆಕೆ ವಾಸನೆಯನ್ನು ವಾಸನೆಯಾಗಿಯೇ ಕಂಡಳು. ನಾವು ತಿಳಿದವರು, ಹೆಸರು ಕೊಟ್ಟು ಅದನ್ನು ಮುಗಿಸಿದೆವು.

ಅಮ್ಮ 1994ರಲ್ಲಿ ತೀರಿಕೊಂಡಳು. ಪದ್ಮಿನಿಯನ್ನು ಅದಕ್ಕೂ ಮುಂಚೆಯೇ ಮಾರಿದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು; ಒಕ್ಕಣೆಗೆ ಯಂತ್ರಗಳು ಬಂದಿವೆ. ಆದರೂ ಸುಗ್ಗಿಯಲ್ಲಿ ರಸ್ತೆಯ ಮೇಲೆ ಬೆಳೆ ಹಾಸುವುದು ಪೂರ್ತಿಯಾಗಿ ನಿಂತಿಲ್ಲ. ಸೊಪ್ಪು ಸಿಕ್ಕಿ ಕಾರು ಹೊತ್ತಿ ಉರಿಯಿತೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇನೆ. ಇಂದಿನ ಕಾರುಗಳ ಮುಂದಿನ ಫಲಕದಲ್ಲಿ ಎಣ್ಣೆಗೊಂದು, ಬ್ರೇಕಿಗೊಂದು, ಬಾಗಿಲಿಗೊಂದು ದೀಪವಿದೆ; ಹುರುಳಿ ಸೊಪ್ಪಿಗೆ ದೀಪವಿಲ್ಲ. ಹೊಗೆಯನ್ನು ಶುದ್ಧಿಮಾಡಲು ಹೊಟ್ಟೆಯ ಕೆಳಗೆ ಇರಿಸಿರುವ ಪೆಟ್ಟಿಗೆಯಂತೂ ನಮ್ಮ ಪದ್ಮಿನಿಯ ಕೊಳವೆಗಿಂತ ಬಿಸಿ.

ಅಂದು ಮುಂದಿನ ಸೀಟಿನಲ್ಲಿ ನಮ್ಮ ನಡುವೆ ಕುಳಿತು ಅಜ್ಜಿಯ ಮಾತಿಗೆ ನಕ್ಕ ಹುಡುಗನಿಗೆ ಈಗ ತಲೆ ನರೆಯುತ್ತಿದೆ. ಕಳೆದ ಸುಗ್ಗಿಯಲ್ಲಿ ಹೆಂಡತಿ ಮಕ್ಕಳೊಡನೆ ಅದೇ ದಾರಿಯಲ್ಲಿ ಹೋಗಿದ್ದ. ಸಂಜೆ ಬೇಲೂರಿನಿಂದ ಫೋನು ಮಾಡಿ, "ಬಾಣಾವರ ದಾಟಿದ ಮೇಲೆ ಏನೋ ಸುಟ್ಟ ವಾಸನೆ ಬಂತಪ್ಪ. ನಿಲ್ಲಿಸಿ ಎಲ್ಲರನ್ನೂ ಇಳಿಸಿ ಕೆಳಗೆಲ್ಲ ನೋಡಿದೆ. ಏನೂ ಇರಲಿಲ್ಲ. ಬೇಲಿಯಾಚೆ ಯಾರೋ ತೆಂಗಿನ ಗರಿ ಸುಡುತ್ತಿದ್ದರು. ಸುಮ್ಮನೆ ಇಪ್ಪತ್ತು ನಿಮಿಷ ಹಾಳಾಯಿತು" ಎಂದ.

ನಾನು "ಒಳ್ಳೆಯದಾಯಿತು" ಎಂದೆ. ಅವನಿಗೆ ಅರ್ಥವಾಗಿರಬೇಕು, ನಕ್ಕ. ಆ ಇಪ್ಪತ್ತು ನಿಮಿಷಕ್ಕೆ ಅವನನ್ನು ಯಾರೂ ವಿವರಣೆ ಕೇಳಲಿಲ್ಲ.